ಮಾವನ ಮೂರನೇ ಪೇಟೆಂಟು

ನಮ್ಮ ಸೋದರಮಾವನನ್ನು ಊಟಕ್ಕೆ ಕರೆಯುವವರು ಮೊದಲು ಮನೆಯ ಮಿಕ್ಸಿ, ಫ್ಯಾನು, ಗೀಸರುಗಳನ್ನೆಲ್ಲ ಬಚ್ಚಿಡಬೇಕು. ಕೆಟ್ಟಿದ್ದರೆ ರಿಪೇರಿ ಮಾಡುತ್ತಾರೆ, ಸರಿ. ಚೆನ್ನಾಗಿದ್ದರೆ? ಇನ್ನೂ ಚೆನ್ನಾಗಿ ಮಾಡಲು ಹೊರಡುತ್ತಾರೆ! ಹೆದರಬೇಕಾದದ್ದು ಅದಕ್ಕೇ.

ಹಾಗೆಂದು ಅವರು ಅಂಥಿಂಥವರಲ್ಲ, ಎರಡು ಪೇಟೆಂಟು ಪಡೆದವರು. ಒಂದು, ಕಬ್ಬಿಣ ಕಾಯಿಸುವ ದೊಡ್ಡ ಫರ್ನೇಸಿನ ಬಾಗಿಲಿಗೆ. ಇನ್ನೊಂದು, ಎಂಥ ಗಾಳಿಗೂ ಅಲುಗದಂತೆ ಆಂಟೆನಾ ಹಿಡಿದುಕೊಳ್ಳುವ ಕ್ಲಾಂಪಿಗೆ. ಚಿಕ್ಕಬಳ್ಳಾಪುರದ ಅವರ ನಡುಮನೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ಎರಡೂ ಫ್ರೇಮಿನೊಳಗೆ ಕೂತಿವೆ. ಶುಕ್ರವಾರ ಅತ್ತೆ ಅವಕ್ಕೂ ಹೂವು ಮುಡಿಸುತ್ತಾರೆ. ಮೂರನೆಯದಕ್ಕೆಂದು ಮಾವ ಪಕ್ಕದಲ್ಲಿ ಮೊಳೆಯನ್ನೂ ಹೊಡೆದಿಟ್ಟಿದ್ದರು.

ನನಗೆ ಹೆಣ್ಣು ನೋಡಲು ಗೌರಿಬಿದನೂರಿಗೆ ಹೋದಾಗ ಇವರನ್ನು ಕರೆದುಕೊಂಡು ಹೋದದ್ದೇ ತಪ್ಪು. ಗೇಟಿನಲ್ಲೇ ತಲೆಯೆತ್ತಿ, "ಡಿಶ್ ವಾಲಿದೆಯಲ್ರೀ" ಎಂದರು. ಏಣಿ ಬಂತು. ನಾವು ಒಳಗೆ ಜಾತಕ ಮಾತಾಡುತ್ತಿದ್ದರೆ ಚಾವಣಿಯಿಂದ "ಈಗ ಬಂತಾ?" ಎಂಬ ಕೂಗು. ಬೀಗರಾಗಬೇಕಾದವರು ಟೀವಿ ಮುಂದೆ ನಿಂತು "ಇಲ್ಲಾ ಸಾರ್, ಇನ್ನೊಂಚೂರು" ಎನ್ನುತ್ತಿದ್ದರು. ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಏಣಿ ಹತ್ತಿದಳು. ನನಗಿಂತ ಮೊದಲು ಅವಳು ನೋಡಿದ್ದು ಮಾವನನ್ನು. ಆದರೂ ನನ್ನನ್ನು ಒಪ್ಪಿದಳು, ದೊಡ್ಡ ಮನಸ್ಸು.

ಮೂರನೇ ಪೇಟೆಂಟಿಗೆ ಮಾವ ಆರಿಸಿಕೊಂಡದ್ದು ಶಿಡ್ಲಘಟ್ಟದ ನಮ್ಮ ಮನೆಯ ಒಲೆಯನ್ನು. ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ; ನಮ್ಮ ಬೀದಿಯವರದೆಲ್ಲ ಅದೇ ಕಸುಬು. ಗೂಡು ಬೇಯಿಸುವ ಒಲೆಯ ಮುಂದೆ ಅಮ್ಮ ದಿನವಿಡೀ ಕೂತು ಹೊಗೆಗೆ ಕೆಮ್ಮುತ್ತಿದ್ದಳು. ಮಾವ ತಿಂಗಳುಗಟ್ಟಲೆ ಇಟ್ಟಿಗೆ ಕಟ್ಟಿದರು, ಒಡೆದರು, ಮತ್ತೆ ಕಟ್ಟಿದರು. ಪೇಟೆಂಟಿಗೆ ಒಂದು ಕಟ್ಟುನಿಟ್ಟಾದ ನಿಯಮವಿದೆಯಂತೆ: ಅರ್ಜಿ ಹಾಕುವ ಮೊದಲೇ ಊರಿಗೆಲ್ಲ ತೋರಿಸಿದರೆ ಅದು ಸಿಗುವುದಿಲ್ಲ. ಹಾಗಾಗಿ ಒಲೆಯ ಸುತ್ತ ಅಮ್ಮನ ಹಳೆಯ ಸೀರೆಯ ಪರದೆ ಎದ್ದಿತು.

"ಒಲೆಗ್ಯಾಕೋ ಸೀರೆ ಉಡಿಸ್ತೀಯ?" ಎಂದಳು ಅಮ್ಮ.

"ಸುಮ್ನಿರಕ್ಕ, ಅರ್ಜಿ ಹೋಗೋವರ್ಗೂ ಯಾರೂ ನೋಡಂಗಿಲ್ಲ."

ಕೊನೆಗೊಂದು ಬೆಳಿಗ್ಗೆ ಹೊಸ ಒಲೆ ಹತ್ತಿತು. ಹೊಗೆಯೆಲ್ಲ ಕೊಳವೆ ಹಿಡಿದು ಚಾವಣಿಯಾಚೆ ಹೋಯಿತು. ಅಮ್ಮ ಸಂಜೆಯವರೆಗೆ ಒಮ್ಮೆಯೂ ಕೆಮ್ಮಲಿಲ್ಲ. ಅರ್ಜಿಯೂ ಸಿದ್ಧವಾಗಿತ್ತು, ಸೋಮವಾರ ಬೆಂಗಳೂರಿನ ಪೇಟೆಂಟು ಏಜೆಂಟರಿಗೆ ಕೊಂಡೊಯ್ದು ಕೊಡುವುದಷ್ಟೇ ಬಾಕಿ.

ಶನಿವಾರ ನಾನು ಮಾರ್ಕೆಟ್ಟಿನಿಂದ ಗೂಡಿನ ಚೀಲ ಹೊತ್ತು ಬಂದರೆ, ಬೀದಿಗೆ ಬೀದಿಯೇ ನಮ್ಮ ಮನೆಯೊಳಗಿದೆ! ಪರದೆ ಮಾಯ. ಮಾವ ಇದ್ದಿಲಿನಿಂದ ಗೋಡೆಯ ಮೇಲೆ ಒಲೆಯ ಚಿತ್ರ ಬರೆದು ಅಳತೆ ಹೇಳುತ್ತಿದ್ದಾರೆ; ಇಬ್ಬರು ಗಾರೆಯವರು ಫೋನಿನಲ್ಲಿ ವೀಡಿಯೊ ತೆಗೆದುಕೊಳ್ಳುತ್ತಿದ್ದಾರೆ. ನನಗೆ ಸಿಟ್ಟು ನೆತ್ತಿಗೇರಿತು.

ಎಲ್ಲರೂ ಹೋದ ಮೇಲೆ ಕೇಳಿದೆ. "ಇನ್ನೆರಡು ದಿನ ತಡೀಬಾರ್ದಾಗಿತ್ತಾ ಮಾವ? ಇನ್ನು ಪೇಟೆಂಟ್ ಸಿಗ್ತದಾ?"

"ಇಲ್ಲ ಕಣಪ್ಪ. ಹೋಯ್ತು."

"ಗೊತ್ತಿದ್ದೂ ತೋರಿಸಿಬಿಟ್ರಾ?"

ಮಾವ ಕೈಗಂಟಿದ ಇದ್ದಿಲು ಒರೆಸಿಕೊಂಡರು. "ನಾನೂ ಸೋಮವಾರದವರ್ಗೂ ತಡ್ಕೊಳ್ಳಣ ಅಂತಾನೇ ಇದ್ದೆ. ನಿಮ್ಮಮ್ಮ ಕೆಮ್ಮೋದು ನಿಂತ್ಮೇಲೆ ಮನೆ ನಿಶ್ಶಬ್ದ ಆಗೋಯ್ತು ನೋಡು. ಆಗ ಗೋಡೆ ಆಚೆ ಮನೇಲಿ ಕೆಮ್ಮೋದು ಕೇಳಿಸ್ತು ಕಣಪ್ಪ. ಅದರಾಚೆ ಮನೇಲೂ."

ನನಗೆ ತುಂಬ ನಾಚಿಕೆಯಾಯಿತು. ಹುಟ್ಟಿದಾಗಿನಿಂದ ಆ ಗೋಡೆಯ ಪಕ್ಕದಲ್ಲೇ ಮಲಗಿ ಎದ್ದವನು ನಾನು. ಆ ಕೆಮ್ಮು ನನಗೆ ಒಂದು ದಿನವೂ ಕೇಳಿಸಿರಲಿಲ್ಲ.