ಅಕ್ಕನ ಹವಾಮಾನವನ್ನು ನುಂಗಿದ ಗೋಪುರದ ಸಾಹೇಬರಿಗೆ

ಮಾನ್ಯ ಮುಖ್ಯ ಎಂಜಿನಿಯರ್ ಸಾಹೇಬರೇ,

ಗುಡ್ಡದ ಮೇಲೆ ತಾವೂ ತಮ್ಮ ಟೀವಿ ಗೋಪುರವೂ ಕ್ಷೇಮವಾಗಿರುವುದು ಊರಿಗೆಲ್ಲ ಕಾಣುತ್ತಲೇ ಇದೆ. ಅದೇ ಗುಡ್ಡದ ಬುಡದಲ್ಲಿ ಲಾಂಡ್ರಿ ಇಟ್ಟುಕೊಂಡಿರುವ ನಾನು ಮತ್ತು ನನ್ನ ಅಮ್ಮ ಅಷ್ಟೇನೂ ಕ್ಷೇಮವಾಗಿಲ್ಲ ಎಂಬುದನ್ನು ತಮ್ಮ ಅಮೂಲ್ಯ ಸಮಯದಲ್ಲಿ ಒಂದು ಚೂರು ಕದ್ದು ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲಿಗೆ ಅಭಿನಂದನೆ. ಹೊಸ ಟ್ರಾನ್ಸ್‌ಮಿಟರ್ ಕೂರಿಸಿದ ದಿನ, ಇನ್ನು ಮೇಲೆ ನದಿಯಾಚೆಯ ದೇಶದವರೂ ನಮ್ಮ ಕಾರ್ಯಕ್ರಮಗಳನ್ನು ಸ್ವಚ್ಛವಾಗಿ ನೋಡಬಹುದು ಎಂದು ತಾವು ಘೋಷಿಸಿದಾಗ ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ತಮ್ಮ ಅಲೆಗಳ ಆರ್ಭಟಕ್ಕೆ ಹೆದರಿ ಆಚೆಯವರ ವಾಹಿನಿ ಈಚೆ ದಡಕ್ಕೆ ಬರುವುದನ್ನೇ ಬಿಟ್ಟಿದೆ. ಅದು ಬರುತ್ತಿದ್ದ ಜಾಗದಲ್ಲಿ ಈಗ ತಾವೇ. ಪಕ್ಕದ ಗುಂಡಿ ಒತ್ತಿದರೆ ಅಲ್ಲೂ ತಾವೇ. ಎಲ್ಲಿ ತಿರುಗಿಸಿದರೂ ಸಚಿವರು ಒಂದು ಗಿಡಕ್ಕೆ ನೀರು ಹಾಕುತ್ತಿರುತ್ತಾರೆ. ಪಾಪ, ಆ ಗಿಡ ಕೊಳೆತುಹೋಗದಿದ್ದರೆ ಸಾಕು.

ತೊಂದರೆ ಇಷ್ಟೇ. ಆಚೆಯ ವಾಹಿನಿಯಲ್ಲಿ ಪ್ರತಿ ಸಂಜೆ ಹವಾಮಾನ ಹೇಳುವವಳು ನನ್ನ ಸ್ವಂತ ಅಕ್ಕ. ಅವಳು ಮದುವೆಯಾಗಿ ಆ ದಡ ಸೇರಿದ ಮೇಲೆ ಎರಡೂ ದೇಶದ ದೊಡ್ಡವರು ದೊಡ್ಡವರು ಮುನಿಸಿಕೊಂಡು ಸೇತುವೆಗೆ ಬೀಗ ಬಿತ್ತು. ಫೋನು ಇದೆಯಲ್ಲ ಎನ್ನಬೇಡಿ, ಅಮ್ಮನಿಗೆ ಕಿವಿ ಕೇಳುವುದಿಲ್ಲ. ಹೀಗಾಗಿ ಟೀವಿ ಎದುರು ಕೂತು, “ಅಯ್ಯೋ, ಎಷ್ಟು ಸೊರಗಿದಾಳೆ! ಆ ಮನೇಲಿ ಊಟ ಹಾಕಲ್ವಾ?” ಎಂದು ಕಾಣದ ಅಳಿಯನಿಗೆ ಬೈಯುವುದೇ ಅವಳ ಪಾಲಿನ ಮಗಳ ಭೇಟಿ. ಆಚೆಯವರ ಹವಾಮಾನದ ನಕ್ಷೆ ನದಿಗೇ ಮುಗಿಯುತ್ತದೆ, ನಮ್ಮ ಊರಿರುವ ಕಡೆ ಬರೀ ಬಿಳಿ ಗೋಡೆ. ಅಕ್ಕ ಮಾತಾಡುತ್ತಾ ಆಡುತ್ತಾ, ಕೈ ಜಾರಿದವಳಂತೆ, ಕೋಲಿನಿಂದ ಆ ಗೋಡೆಯನ್ನು ಮೆಲ್ಲಗೆ ಕುಟ್ಟಿದಳೆಂದರೆ ನಾಳೆ ನಮಗೆ ಮಳೆ ಎಂದರ್ಥ. ಅಂದು ಅಮ್ಮ ಬಟ್ಟೆ ನೆನೆಹಾಕುತ್ತಿರಲಿಲ್ಲ. ಮಗಳು ತವರಿಗೆ ಬಂದು ಹೋದಳು ಎಂಬಂತೆ ಇಡೀ ಸಂಜೆ ಗೆಲುವಾಗಿರುತ್ತಿದ್ದಳು.

ಈಗ ಅಮ್ಮ ಗುಂಡಿ ಒತ್ತಿ ಒತ್ತಿ ಸುಸ್ತಾಗಿ, “ಅವಳನ್ನ ಕೆಲಸದಿಂದ ತೆಗೆದುಬಿಟ್ರೇನೋ? ಮೈಗೆ ಹುಷಾರಿಲ್ವೇನೋ?” ಎಂದು ನನ್ನ ಮುಖ ನೋಡುತ್ತಾಳೆ. ನಾನು ಸನ್ನೆಯಲ್ಲಿ ತಮ್ಮ ತಂತ್ರಜ್ಞಾನವನ್ನೆಲ್ಲ ವಿವರಿಸಿದೆ. “ಅಷ್ಟುದ್ದ ಕಂಬ ತಂದು ಅಡ್ಡ ನಿಲ್ಲಿಸಿದ್ರೆ ಇನ್ನೇನಾಗತ್ತೆ? ಸ್ವಲ್ಪ ಪಕ್ಕಕ್ಕೆ ಸರೀರಿ ಅನ್ನು” ಎಂದಳು. ಗುಡ್ಡವನ್ನೂ ಜೊತೆಗೇ ಸರಿಸುವುದಾದರೆ ನಮ್ಮ ಅಭ್ಯಂತರವೇನೂ ಇಲ್ಲ.

ದೂರು ಕೊಟ್ಟಿದ್ದಕ್ಕೆ ತಮ್ಮ ಕಚೇರಿಯ ರಿಪೇರಿಯವರು ಬಂದು ಟೀವಿಯ ನೆತ್ತಿ ಸವರಿ, “ಪಿಕ್ಚರ್ ಫಸ್ಟ್ ಕ್ಲಾಸಾಗಿದೆಯಲ್ಲಮ್ಮಾ, ಇನ್ನೇನ್ ಬೇಕು?” ಎಂದು ಕೈಯಾಡಿಸಿ ಕೇಳಿದರು. ಅಮ್ಮನಿಗೆ ಅದು ಹೇಗೆ ಅರ್ಥವಾಯಿತೋ, “ಮಗಳು ಬೇಕು” ಎಂದಳು. ರಿಪೇರಿಯವರು ಚೀಲ ಎತ್ತಿಕೊಂಡು ಹೊರಟರು. ನಾನೂ ಅಕ್ಕನ ಮುಖ ನೋಡಿ ಎಷ್ಟೋ ಕಾಲವಾಯಿತು ಸಾಹೇಬರೇ.

ಶಕ್ತಿ ಕಡಿಮೆ ಮಾಡಿ ಎಂದು ಕೇಳಿ ದೇಶದ ಪ್ರತಿಷ್ಠೆಗೆ ಕುಂದು ತರುವವನು ನಾನಲ್ಲ. ನನ್ನದು ತೀರ ಸಣ್ಣ ಕೋರಿಕೆ. ಈಗ ತಮ್ಮ ವಾಹಿನಿ ಅಕ್ಕನ ಮನೆಯಲ್ಲಿ ಸ್ವಚ್ಛವಾಗಿ ಕಾಣುತ್ತದಲ್ಲ, ಒಂದು ಸಂಜೆ, ಒಂದೇ ಒಂದು ನಿಮಿಷ, ಅದರಲ್ಲಿ ನನ್ನ ಅಮ್ಮನನ್ನು ತೋರಿಸಿ. ಅವಳು ಏನೂ ಮಾತಾಡಬೇಕಾಗಿಲ್ಲ. ಸುಮ್ಮನೆ ಕೂತಿರಲಿ, ಅಕ್ಕ ಕಣ್ತುಂಬ ನೋಡಿಕೊಳ್ಳುತ್ತಾಳೆ.

ತಮ್ಮ ವಿಶ್ವಾಸಿ,
ಗುಡ್ಡದ ಬುಡದ ಲಾಂಡ್ರಿಯವನು

ತಾ.ಕ.: ಸಮಾರಂಭದ ಮರುದಿನ ತಾವು ಒಗೆಯಲು ಕೊಟ್ಟ ಸೂಟನ್ನು, ನಾಳೆ ಬಿಸಿಲು ಎಂದ ತಮ್ಮದೇ ವಾಹಿನಿಯನ್ನು ನಂಬಿ ತಾರಸಿಯಲ್ಲಿ ಹರವಿದ್ದೆ. ಮಳೆಗೆ ಚೆನ್ನಾಗಿ ನೆನೆದು, ಈಗ ತಮ್ಮ ಕಿರಿಯ ಮಗನಿಗೆ ಸರಿಹೊಂದುವ ಅಳತೆಗೆ ಬಂದಿದೆ. ಇಸ್ತ್ರಿ ಪುಕ್ಕಟೆ.