ಟಪಾಲಪ್ಪನವರ ಮುಂಗೈ ಪಟ್ಟಿಯ ಕಡತ

ಬೀದಿದೀಪ ನಿರ್ವಹಣಾ ಕಚೇರಿಯ ನೌಕರರಿಗೆ ಹೃದಯ ಇರಬಾರದೆಂದು ನಿಯಮಾವಳಿಯಲ್ಲಿ ಎಲ್ಲಿಯೂ ಹೇಳಿಲ್ಲ. ಅದು ಕೆಟ್ಟಿದ್ದಲ್ಲಿ ಹೊರಗಿನವರಿಗೆ ತಿಳಿಸುವುದು ಹೇಗೆಂಬುದನ್ನು ಮಾತ್ರ ಕ್ರಮಬದ್ಧವಾಗಿ ತೀರ್ಮಾನಿಸಬೇಕಾಗುತ್ತದೆ. ಹಾಗೆ ತೀರ್ಮಾನಿಸಲು ಏಳು ತಿಂಗಳು ಹಿಡಿಯಿತು ಎಂದರೆ ಯಾರೂ ಹುಬ್ಬೇರಿಸಬೇಕಾಗಿಲ್ಲ. ಆ ಕಚೇರಿಯಲ್ಲಿ ಒಂದು ದೀಪ ಹೊತ್ತಿಸಲು ಅದಕ್ಕಿಂತ ಹೆಚ್ಚು ಕಾಲ ಬೇಕು.

ಕೆಟ್ಟಿದ್ದು ಟಪಾಲಪ್ಪನವರ ಹೃದಯ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಇಪ್ಪತ್ತೊಂಬತ್ತು ವರ್ಷ ಟಪಾಲು ಶಾಖೆಯಲ್ಲಿ ಕೂತು, ಬಂದ ಪತ್ರಕ್ಕೆಲ್ಲ ಮೊಹರು ಒತ್ತಿ ಒತ್ತಿ, ಅದು ಎಲ್ಲೋ ಬಿದ್ದುಹೋಯಿತು. ಅವರ ಮೇಜಿನದು ಒಂದೇ ಕಟ್ಟುಪಾಡು: ಮುಚ್ಚಿದ ಲಕೋಟೆಯನ್ನು, ಅದರ ಮೇಲೆ ಯಾರ ಹೆಸರಿದೆಯೋ ಅವರ ಸಹಿಯಿಲ್ಲದೆ, ಯಾವನೂ ಒಡೆಯುವಂತಿಲ್ಲ. ಒಮ್ಮೆ ಪಕ್ಕದ ಕಟ್ಟಡದವರು ವ್ಯವಸ್ಥಾಪಕರ ಹೆಸರಿಗೆ 'ಅತಿ ಜರೂರು' ಎಂದು ಬರೆದು ಒಂದು ಲಕೋಟೆ ಕಳಿಸಿದರು. ವ್ಯವಸ್ಥಾಪಕರು ರಜೆಯಲ್ಲಿದ್ದರು. ಟಪಾಲಪ್ಪನವರು ಅದನ್ನು ಒಂಬತ್ತು ದಿನ ಬೀಗದಲ್ಲಿಟ್ಟು ಕಾಪಾಡಿದರು. ಹತ್ತನೆಯ ದಿನ ವ್ಯವಸ್ಥಾಪಕರು ಬಂದು ಸಹಿ ಮಾಡಿ ಒಡೆದು ನೋಡಿದರೆ, ನಿಮ್ಮ ದಫ್ತರ ಕೋಣೆಯ ತಂತಿ ಕಿಡಿ ಕಾರುತ್ತಿದೆ ಎಂದಿತ್ತು. ದಫ್ತರ ಕೋಣೆ ಸುಟ್ಟು ಆಗಲೇ ಆರು ದಿನವಾಗಿತ್ತು, ಆದರೆ ಲಕೋಟೆಗೆ ಒಂದು ಗೀರೂ ಬಿದ್ದಿರಲಿಲ್ಲ. ಆ ವರ್ಷದ ಪ್ರಶಂಸಾಪತ್ರ ಅವರಿಗೇ ಬಂತು.

ಇಂಥವರ ಎದೆಯ ಒಂದು ಕವಾಟ ಕೈಕೊಟ್ಟಿತು. ವೈದ್ಯರು ಅದನ್ನು ತೆಗೆದು ಬೇರೆ ಹಾಕಿದರು, ಇನ್ನು ಬದುಕಿರುವವರೆಗೂ ರಕ್ತ ತೆಳುವಾಗಿಡುವ ಮಾತ್ರೆ ನುಂಗಬೇಕು ಅಂದರು. ಮನೆಗೆ ಕಳಿಸುವಾಗ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದು, ಇದನ್ನು ಮೈಮೇಲೆ ಕಾಣುವ ಹಾಗೆ ಸದಾ ಹಾಕಿಕೊಂಡಿರಿ ಎಂದು ಅವರ ಹೆಂಡತಿಯ ಕೈಗೆ ಕೊಟ್ಟರು. ಹೃದಯದ ಕಾಯಿಲೆ ಇದೆ. ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಾರೆ. ನೋವಿನ ಇಂಜೆಕ್ಷನ್ ಕೊಡಬೇಡಿ. ತಕ್ಷಣ ಆಸ್ಪತ್ರೆಗೆ ಸೇರಿಸಿ.

ಮೂರನೆಯ ಸಾಲು ಓದಿ ಹೆಂಡತಿಗೆ ಜೀವ ಬಾಯಿಗೆ ಬಂತು. ಯಾಕೆಂದರೆ ಕಚೇರಿಯ ಪ್ರಥಮ ಚಿಕಿತ್ಸೆ ಕೋಣೆಯಲ್ಲಿ ಒಬ್ಬ ಕಾಂಪೌಂಡರ್ ಇದ್ದ, ಅವನ ಬಳಿ ಇದ್ದದ್ದು ಒಂದೇ ಔಷಧಿ, ಅದು ನೋವಿನ ಇಂಜೆಕ್ಷನ್. ತಲೆನೋವಿಗೂ ಅದೇ, ತಲೆ ಸುತ್ತಿದರೂ ಅದೇ. ಬೈಸಿಕೊಂಡು ಅಳುತ್ತ ಬಂದ ಬೆರಳಚ್ಚು ಶಾಖೆಯವಳಿಗೂ ಅದನ್ನೇ ಚುಚ್ಚಿ ಕಳಿಸಿದ್ದ. ಪಾಪ, ಕೆಟ್ಟವನಲ್ಲ, ಕೈಯಲ್ಲಿ ಇದ್ದದ್ದನ್ನು ಕೊಡುವುದರಲ್ಲಿ ಎಂದೂ ಹಿಂದೆಮುಂದೆ ನೋಡಿದವನಲ್ಲ.

ಗಂಡಹೆಂಡತಿ ಔಷಧಿ ಅಂಗಡಿಗೆ ಹೋದರು. ಅಂಗಡಿಯವನು ಗಾಜಿನ ಮೇಲೆ ಎಲ್ಲ ಹರವಿದ: ಜೇಬಿನಲ್ಲಿಡುವ ಕಾರ್ಡು, ಕತ್ತಿಗೆ ಹಾಕುವ ಬಿಲ್ಲೆ, ಮುಂಗೈಗೆ ಕಟ್ಟುವ ಸ್ಟೀಲ್ ಪಟ್ಟಿ. ಕಾರ್ಡು ಪರ್ಸಿನೊಳಗಿರತ್ತೆ, ಬಿದ್ದವರ ಪರ್ಸನ್ನು ಓದೋರಿಗಿಂತ ಒಯ್ಯೋರೇ ಜಾಸ್ತಿ ಎಂದು ಆಕೆ ಅದನ್ನು ಪಕ್ಕಕ್ಕೆ ಸರಿಸಿದರು. ಬಿಲ್ಲೆ ಅಂಗಿಯೊಳಗೆ ಹುದುಗುತ್ತದೆ. ಪಟ್ಟಿಯಾದರೆ ನಾಡಿ ಹಿಡಿಯಲು ಬಂದವರ ಕಣ್ಣಿಗೇ ಹೊಡೆಯುತ್ತದೆ. ಶಾಲೆ ಸಮವಸ್ತ್ರಗಳಿಗೆ ಬ್ಯಾಡ್ಜು ಹೊಲಿಯುವ ಕೆಲಸ ಆಕೆಯದು. ಯಾವುದು ಎಲ್ಲಿದ್ದರೆ ಕಾಣುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಅಂಗಡಿಯವನು ಮಾತ್ರ ಹೂವಿನ ಕೆತ್ತನೆಯ, ಬಂಗಾರದ ಬಣ್ಣದ ಒಂದನ್ನು ಮುಂದೆ ತಳ್ಳಿ, “ಇದ್ರಲ್ಲಿ ಕಾಯಿಲೆ ಅಷ್ಟು ಎದ್ದು ಕಾಣಲ್ಲ, ಅಮ್ಮ” ಅಂದ.

“ಎದ್ದು ಕಾಣ್ಲಿ ಅಂತಾನೇ ಬಂದಿರೋದಪ್ಪ” ಅಂದರು ಆಕೆ.

ಐದು ನಿಮಿಷದಲ್ಲಿ ಸ್ಟೀಲ್ ಪಟ್ಟಿ ಎಂದು ನಿಕ್ಕಿಯಾಯಿತು. ನಾಲ್ಕು ಸಾಲು ಕೆತ್ತಿಸುವುದೊಂದು ಬಾಕಿ. ಆಗ ಟಪಾಲಪ್ಪನವರು ಗಂಟಲು ಸರಿಮಾಡಿಕೊಂಡು, ಕೆತ್ತೋದು ಸ್ವಲ್ಪ ನಿಲ್ಲಲಿ, ಕಚೇರಿಯ ಅನುಮತಿ ಬರಲಿ ಅಂದರು.

“ರೀ, ನಿಮ್ಮ ಹೃದಯದ ವಿಷಯ ನಿಮ್ಮ ಕೈಮೇಲೆ ಬರ್ಕೊಳ್ಳೋಕೆ ಅವ್ರನ್ನ ಯಾಕ್ರೀ ಕೇಳ್ಬೇಕು?”

“ಕೈ ನಂದೇ ಕಣೇ. ಆದ್ರೆ ಹತ್ತರಿಂದ ಐದೂವರೆವರೆಗೆ ಅದು ಕಚೇರೀಲಿರತ್ತೆ.”

ಅರ್ಜಿ ಹೋಯಿತು. ಕಚೇರಿ ನಿದ್ದೆ ಮಾಡುತ್ತಿತ್ತು ಎಂದು ಯಾರೂ ಆಡಿಕೊಳ್ಳುವಂತಿಲ್ಲ. ವ್ಯವಸ್ಥಾಪಕರು ಅಂದೇ 'ಮುಂಗೈ ಪಟ್ಟಿ ಪರಿಶೀಲನಾ ಸಮಿತಿ' ರಚಿಸಿದರು. ಅದರಲ್ಲಿ ಅವರು ಒಬ್ಬರು, ಕಾನೂನು ಸಲಹೆಗಾರ್ತಿ ಒಬ್ಬರು, ತಾಂತ್ರಿಕ ತಜ್ಞನೆಂದು ಕಾಂಪೌಂಡರ್ ಒಬ್ಬ.

ಕಾನೂನು ಸಲಹೆಗಾರ್ತಿ ಬಲು ಚುರುಕು. ನಾಲ್ಕು ಸಾಲು ಓದಿ ನಾಲ್ಕರಲ್ಲೂ ದೋಷ ಕಂಡುಹಿಡಿದರು. ನೌಕರನ ಮೈಮೇಲಿನ ಬರಹವೆಂದರೆ ಪ್ರಕಟಣೆ. ಪ್ರಕಟಣೆ ಎಂದಮೇಲೆ ಕಡತ ಸಂಖ್ಯೆ, ವಿಷಯ, ಉಲ್ಲೇಖ ಇರಲೇಬೇಕು. 'ಕಾಯಿಲೆ' ಎಂಬ ಪದದಿಂದ ಕಚೇರಿಯ ಆರೋಗ್ಯದ ಬಗ್ಗೆ ಸಾರ್ವಜನಿಕರಿಗೆ ಅನುಮಾನ ಬರುತ್ತದೆ, ಆದ್ದರಿಂದ 'ಹೃದಯ ಸಂಬಂಧಿತ ವಿಶೇಷ ಸ್ಥಿತಿ' ಎಂದಿರಲಿ. 'ಕೊಡಬೇಡಿ' ಎನ್ನುವುದು ಆಜ್ಞೆ. ಟಪಾಲು ಶಾಖೆಯವರು ಪ್ರಥಮ ಚಿಕಿತ್ಸೆ ಶಾಖೆಗೆ ಆಜ್ಞೆ ಮಾಡುವುದೆಂದರೇನು? 'ಇಂಜೆಕ್ಷನ್ ನೀಡದಿರುವ ಸಾಧ್ಯತೆಯನ್ನು ಪರಿಶೀಲಿಸಲು ಈ ಮೂಲಕ ಸವಿನಯವಾಗಿ ಕೋರಲಾಗಿದೆ' ಎಂದು ತಿದ್ದಿದರು. ಕಾಂಪೌಂಡರನ ಮುಖ ಆಗ ಸ್ವಲ್ಪ ಅರಳಿತು. ಅದುವರೆಗೂ ತನ್ನ ಏಕೈಕ ಔಷಧಿಗೆ ಅವಮಾನವಾಯಿತೆಂದು ಮುಖ ಊದಿಸಿಕೊಂಡು ಕೂತಿದ್ದ.

ಇಷ್ಟೆಲ್ಲ ಹಿಡಿಸಬೇಕೆಂದರೆ ಪಟ್ಟಿ ಮುಂಗೈಯಿಂದ ಮೊಣಕೈವರೆಗೆ ಬೇಕಾಯಿತು. ಬೀದಿದೀಪದ ಕಂಬಗಳಿಗೆ ನಂಬರು ಬರೆಯುವ ತಗಡು ಉಗ್ರಾಣದಲ್ಲಿ ಬೇಕಾದಷ್ಟು ಬಿದ್ದಿತ್ತು, ಅದನ್ನೇ ಕತ್ತರಿಸಿ ಬಗ್ಗಿಸಿದರು. ಕೊನೆಗೆ ಸಲಹೆಗಾರ್ತಿಗೆ ಒಂದು ಮುಖ್ಯ ಅಂಶ ಹೊಳೆಯಿತು: ಆರೋಗ್ಯದ ಮಾಹಿತಿ ಗೋಪ್ಯ. ಕಂಡಕಂಡವರು ಓದುವಂತಿಲ್ಲ. ಆದ್ದರಿಂದ ತಗಡಿನ ಮೇಲೊಂದು ಕಂದು ಚೀಲ ಹೊಲಿಸಿ, ಅರಗಿನ ಮೊಹರು ಹಾಕಿ, ಟಪಾಲಪ್ಪನವರದೇ ಕಟ್ಟುಪಾಡಿನಂತೆ, ಅವರ ಸಹಿ ಪಡೆದ ನಂತರವೇ ಒಡೆಯತಕ್ಕದ್ದು ಎಂದು ನಿರ್ಣಯವಾಯಿತು.

ವ್ಯವಸ್ಥಾಪಕರು ದೂರಾಲೋಚನೆಯ ಮನುಷ್ಯ. ಟಪಾಲಪ್ಪನವರಿಗೆ ಎಚ್ಚರ ತಪ್ಪಿದ್ದರೆ ಸಹಿ ಹೇಗೆ ಎಂದು ಕೇಳಿದರು.

“ಎಚ್ಚರ ಬಂದಮೇಲೆ ಮಾಡ್ತಾರೆ” ಅಂದರು ಸಲಹೆಗಾರ್ತಿ. “ಅವಸರ ಏನಿದೆ?”

ತಮ್ಮ ಕಟ್ಟುಪಾಡು ನಿರ್ಣಯದಲ್ಲಿ ಅಚ್ಚಾದದ್ದನ್ನು ನೋಡಿ ಟಪಾಲಪ್ಪನವರಿಗೆ ಎದೆ ತುಂಬಿ ಬಂತು. ಹೊಸ ಕವಾಟ ಹೇಗೋ ತಡೆದುಕೊಂಡಿತು.

ಸಂಜೆ ಆ ಕೈಯನ್ನು ಬಾಗಿಲಲ್ಲಿ ಅಡ್ಡ ತಿರುಗಿಸಿಕೊಂಡು ಮನೆಯೊಳಗೆ ಬಂದರು. ಹೆಂಡತಿ ಚೀಲ ನೋಡಿದರು, ಅರಗು ನೋಡಿದರು, ಮೇಲೆ ದಪ್ಪಕ್ಷರದಲ್ಲಿ 'ಗೋಪ್ಯ' ಎಂದಿದ್ದದ್ದನ್ನು ಓದಿದರು. ಇದನ್ನ ಓದೋದು ಹೇಗೆ ಎಂದು ಕೇಳಿದರು. ಅರ್ಜಿ ಹಾಕಬಹುದು ಎಂದು ಗಂಡ ವಿವರಿಸಿದರು. ಆಕೆಗೆ ಮೊದಲು ನಗು ಬಂತು. ನಗುತ್ತ ನಗುತ್ತಲೇ ಗೋಡೆಗೆ ಒರಗಿ ಕೂತು ಅಳಲು ಶುರುಮಾಡಿದರು.

“ನೀವು ಹೋಗ್ಬಿಟ್ರೆ ನಾನು ಯಾರಿಗ್ರೀ ಅರ್ಜಿ ಹಾಕ್ಲಿ?”

ಟಪಾಲಪ್ಪನವರು ಅದಕ್ಕೊಂದು ಶಾಖೆ ಇದೆಯೇ ಎಂದು ಮನಸ್ಸಿನಲ್ಲೇ ಹುಡುಕಿದರು. ಸಿಗಲಿಲ್ಲ. ಹೆಂಡತಿ ಅತ್ತು ಮುಗಿಸಿ, ಮುಖ ತೊಳೆದು, ಗಂಡನ ಏಳೂ ಬನಿಯನ್‌ಗಳನ್ನು ಹೊಲಿಗೆ ಯಂತ್ರದ ಪಕ್ಕ ಗುಡ್ಡೆ ಹಾಕಿಕೊಂಡು, ಕೆಂಪು ದಾರದಲ್ಲಿ ವೈದ್ಯರ ನಾಲ್ಕು ಸಾಲನ್ನು ಪ್ರತಿಯೊಂದರ ಎದೆಗೂ ಹೊಲಿದರು. ಅಂಗಿಯ ಒಳಗಿನದರ ಬಗ್ಗೆ ನಿಯಮಾವಳಿ ಮೌನವಾಗಿತ್ತು, ಹಾಗಾಗಿ ಟಪಾಲಪ್ಪನವರೂ ಸುಮ್ಮನಾದರು. ಆದರೂ ದಿನಾ ಬೆಳಿಗ್ಗೆ ತೊಡುವಾಗ ಏನೋ ಕದ್ದು ಒಯ್ಯುತ್ತಿರುವಂತೆ ಮನಸ್ಸು ಚುಚ್ಚುತ್ತಿತ್ತು.

ಒಂದು ಮಂಗಳವಾರ ಹನ್ನೊಂದು ಗಂಟೆಗೆ, ಲಿಫ್ಟಿಗೆ 'ದುರಸ್ತಿಯಲ್ಲಿದೆ' ಎಂಬ ಫಲಕ ಹಾಕಿ ಮೂರು ವರ್ಷವಾದ ಕಾರಣ, ಟಪಾಲಿನ ಕಟ್ಟು ಹೊತ್ತು ಮೆಟ್ಟಿಲು ಹತ್ತಿ ಬಂದವರು ತಮ್ಮ ಮೇಜಿನ ಅಂಚಿಗೆ ತಲೆ ಬಡಿದುಕೊಂಡು ಬಿದ್ದರು. ಎಲ್ಲರೂ ಓಡಿಬಂದರು. ಕೆಲಸ ಅಚ್ಚುಕಟ್ಟಾಗಿ ಸಾಗಿತು. ಒಬ್ಬರು ಸಹಿ ಪುಸ್ತಕ ತಂದರು, ಇನ್ನೊಬ್ಬರು ಪೆನ್ನಿನ ಮುಚ್ಚಳ ತೆಗೆದು ಅವರ ಬೆರಳ ಸಂದಿಯಲ್ಲಿ ಇಟ್ಟರು. ಪೆನ್ನು ಬಿತ್ತು. ಮತ್ತೆ ಇಟ್ಟರು, ಮತ್ತೆ ಬಿತ್ತು. ವ್ಯವಸ್ಥಾಪಕರು ಗಡಿಯಾರ ನೋಡಿ, ಸಹಿ ಆಗಿಲ್ಲ, ಮೊಹರು ಒಡೆಯುವಂತಿಲ್ಲ ಎಂದು ಬರೆಸಿದರು.

ಅಷ್ಟರಲ್ಲಿ ಕಾಂಪೌಂಡರ್ ಸಿರಿಂಜಿಗೆ ಔಷಧಿ ತುಂಬಿಕೊಂಡು ಬಂದ. ಸಮಿತಿಯಲ್ಲಿ ತಾನೇ ಕೂತಿದ್ದವನು. ಆದರೆ ಚೀಲ ಮುಚ್ಚಿದೆ ಎಂದಮೇಲೆ ಒಳಗಿನದು ತನಗೆ ಗೊತ್ತಿರುವುದು ಶಿಸ್ತಲ್ಲವೆಂದು ಪ್ರಾಮಾಣಿಕವಾಗಿ ಮರೆತುಬಿಟ್ಟಿದ್ದ. ಅಂಗಿಯ ತೋಳು ಮಡಚಲು ಹೋದರೆ ತಗಡು ಅಡ್ಡ ಬಂತು. ಸರಿ, ಅಂಗಿಯನ್ನೇ ಬಿಚ್ಚಿ ತೋಳು ಹೊರಗೆಳೆಯೋಣವೆಂದು ಗುಂಡಿ ತೆಗೆದ. ಬೆಳ್ಳಗಿನ ಬನಿಯನ್ ಮೇಲೆ ಕೆಂಪು ಅಕ್ಷರ. ಓದಬೇಡಿ ಎಂದು ಸಲಹೆಗಾರ್ತಿ ಕೈ ಅಡ್ಡ ಹಿಡಿಯುವಷ್ಟರಲ್ಲಿ ಅವನು ಮೂರನೆಯ ಸಾಲನ್ನೂ ಓದಿಯಾಗಿತ್ತು. ಸೂಜಿ ಅಲ್ಲೇ ನಿಂತಿತು. ನಾಲ್ಕನೆಯ ಸಾಲನ್ನು ಯಾರೋ ಗಟ್ಟಿಯಾಗಿ ಓದಿದರು, ಆಂಬುಲೆನ್ಸ್ ಬಂತು.

ತಲೆಯೊಳಗೆ ರಕ್ತ ಜಿನುಗಲು ಶುರುವಾಗಿತ್ತು. ಆ ಇಂಜೆಕ್ಷನ್ ಬಿದ್ದಿದ್ದರೆ ನಿಲ್ಲಿಸಲು ತಮ್ಮಿಂದ ಆಗುತ್ತಿರಲಿಲ್ಲವೆಂದು ವೈದ್ಯರು ಹೆಂಡತಿಗೆ ಹೇಳಿದರು. ಆಕೆ ಗಂಡನ ಬನಿಯನ್ನಿನ ಕೆಂಪು ಹೊಲಿಗೆಯ ಮೇಲೆ ಬಹಳ ಹೊತ್ತು ಕೈಯಾಡಿಸುತ್ತ ಕೂತಿದ್ದರು.

ಆರು ವಾರ ಕಳೆದು ಟಪಾಲಪ್ಪನವರು ಕೆಲಸಕ್ಕೆ ಬಂದಾಗ ಅವರ ಮೇಜಿನ ಮೇಲೆ ಅವರದೇ ಹೆಸರಿನ ಒಂದು ಲಕೋಟೆ ಕಾಯುತ್ತಿತ್ತು. ಸಹಿ ಮಾಡಿ ಒಡೆದರು. ಕಾರಣ ಕೇಳಿ ನೋಟಿಸು. ಒಳ ಉಡುಪಿನ ಮೇಲೆ ಅನುಮೋದನೆಯಿಲ್ಲದ ಪ್ರಕಟಣೆ ಹೊತ್ತದ್ದು. ಸದರಿ ಪ್ರಕಟಣೆಯಲ್ಲಿ ಕಡತ ಸಂಖ್ಯೆ ಇಲ್ಲದಿರುವುದು. ಗೋಪ್ಯ ಮಾಹಿತಿಯನ್ನು ಸಹಿಯಿಲ್ಲದೆ ಓದಲು ಕಾಂಪೌಂಡರನಿಗೆ ಆಸ್ಪದ ಕೊಟ್ಟದ್ದು. ಮತ್ತು ಹಾಗೆ ಸೋರಿಕೆಯಾದ ಮಾಹಿತಿಯ ಆಧಾರದ ಮೇಲೆ ಬದುಕಿ ಉಳಿದದ್ದು. ಎರಡು ಸಲ ಓದಿದರು. ಒಂದು ಅಕ್ಷರವೂ ತಪ್ಪಿರಲಿಲ್ಲ. ಇಂಥ ಕರಡು ಈಗ ಯಾರು ಬರೀತಾರೆ ಎಂದು ಅವರಿಗೆ ಖುಷಿಯೇ ಆಯಿತು.

ತಪ್ಪಾಗಿದೆ, ಮುಂದೆ ಹೀಗೆ ಬದುಕುವುದಿಲ್ಲ ಎಂಬ ಅರ್ಥ ಬರುವಂತೆ ಉತ್ತರ ಬರೆದರು. ಸಮಿತಿಯ ಮನಸ್ಸು ಕರಗಿತು. ಕಾಂಪೌಂಡರನಿಗೆ ಓದಿದ್ದಕ್ಕಾಗಿ ಎಚ್ಚರಿಕೆ ಕೊಟ್ಟು, ಬನಿಯನ್ ತೊಡಲು ಟಪಾಲಪ್ಪನವರಿಗೆ ಅನುಮತಿ ನೀಡಿತು. ಷರತ್ತು ಒಂದೇ: ಬರಹ ಅನುಮೋದಿತ ನಮೂನೆಯಲ್ಲೇ ಇರತಕ್ಕದ್ದು.

ನಮೂನೆ ಮನೆಗೆ ಬಂತು. ಆಕೆ ತಲೆ ಚಚ್ಚಿಕೊಂಡರು, ಎರಡು ದಿನ ಗಂಡನ ಜೊತೆ ಮಾತು ಬಿಟ್ಟರು. ಮೂರನೆಯ ದಿನ, ಏನೂ ಇಲ್ಲದ್ದಕ್ಕಿಂತ ಇದಾದರೂ ಇರಲಿ ಎಂದು ಬನಿಯನ್ ಹರವಿಕೊಂಡು ಹೊಲಿಯಲು ಕೂತರು. ಕಡತ ಸಂಖ್ಯೆ ಕತ್ತಿನ ಸುತ್ತ ಬಂತು. 'ಮಾನ್ಯರೇ' ಎಂಬುದು ಎದೆಯ ಮೇಲೆ ಬಂತು. ಬಹಳ ಹೊತ್ತಾದ ಮೇಲೆ ಯಂತ್ರ ನಿಂತಿತು.

“ರೀ, ಎದೆ ಮುಗೀತು, ಹೊಟ್ಟೇನೂ ಮುಗೀತು. ಇನ್ನೂ ಉಲ್ಲೇಖದಲ್ಲೇ ಇದೀನಿ. ಇಂಜೆಕ್ಷನ್ ವಿಷಯ ಎಲ್ಲಿ ಹಾಕ್ಲಿ?”

ಟಪಾಲಪ್ಪನವರು ಕನ್ನಡಕ ಹಾಕಿಕೊಂಡು ಬನಿಯನ್ನನ್ನು ಬೆಳಕಿಗೆ ಹಿಡಿದು ಹಿಂದೆಮುಂದೆ ನೋಡಿದರು. ಇಪ್ಪತ್ತೊಂಬತ್ತು ವರ್ಷದ ಅನುಭವ ಕೈಬಿಡಲಿಲ್ಲ.

“ಬೆನ್ನಿಗೆ ಹಾಕು. ಹೊಟ್ಟೆ ಮೇಲೆ ಕೊನೇಲಿ, 'ದಯವಿಟ್ಟು ಪುಟ ತಿರುಗಿಸಿ' ಅಂತ ಸೇರಿಸ್ಬಿಡು.”

ಆಕೆ ಸೂಜಿಗೆ ಹೊಸ ದಾರ ಪೋಣಿಸಿ, 'ದಯವಿಟ್ಟು' ಸಣ್ಣಕ್ಷರದಲ್ಲೋ ದೊಡ್ಡಕ್ಷರದಲ್ಲೋ ಎಂದು ಕೇಳಿದರು.