ಬ್ಯಾಕ್ಸ್‌ಟರ್ ಸಾಹೇಬರ ಮೂಲದಜ್ಜಿ

ರಜೆಯ ಅರ್ಜಿಯಲ್ಲಿ ಕಾರಣ ಕೇಳಿದ ಜಾಗದಲ್ಲಿ ಸಂಕಪ್ಪ ‘ತಾಯಿಯ ಬೊಜ್ಜ’ ಎಂದು ಬರೆದದ್ದೇ ತಪ್ಪಾಯಿತು.

“ಬೊಜ್ಜ ಎಂದರೇನು? ರೋಗವೇ?” ಎಂದು ಬ್ಯಾಕ್ಸ್‌ಟರ್ ಸಾಹೇಬರು ಕೇಳಿದರು.

“ಅಲ್ಲ ಸರ್, ಹದಿಮೂರನೆಯ ದಿನದ ಉತ್ತರಕ್ರಿಯೆ. ಅಮ್ಮ ಹೋಗಿ ಒಂಬತ್ತು ದಿನವಾಯಿತು. ನಾನೊಬ್ಬನೇ ಮಗ.”

“ತೀರಿಕೊಂಡವರಿಗೆ ಅವಸರವಿರುವುದಿಲ್ಲ. ಮುಂದಿನ ತಿಂಗಳು ನೋಡೋಣ.”

ಅದು 1987. ಮಸ್ಕತ್ತಿನ ಆ ಕಂಪನಿಯಲ್ಲಿ ಎಲ್ಲರ ಪಾಸ್‌ಪೋರ್ಟೂ ಸಾಹೇಬರ ಮೇಜಿನ ಖಾನೆಯಲ್ಲಿ, ಅದರ ಒಂದೇ ಕೀಲಿಕೈ ಅವರ ಬೆಲ್ಟಿನಲ್ಲಿ. ಸಂಕಪ್ಪ ಮೀನಂಗಡಿಯ ಮುಂದಿನ ಬೆಕ್ಕಿನಂತೆ ಖಾನೆಯನ್ನು ನೋಡುತ್ತ ನಿಂತು, ಹೊರಬಂದ.

ಮಧ್ಯಾಹ್ನ ಅಲ್ ಗುಬ್ರಾದ ಮನೆಗೆ ಬಂದರೆ ಪಕ್ಕದ ಮನೆಯ ಭೋಜರಾಜ ಮೆಟ್ಟಿಲಲ್ಲೇ ಹಿಡಿದ.

“ಎಂತ ಮಾರಾಯ, ಅರ್ಜಿ ಹಿಡ್ಕೊಂಡು ನೇರ ಹೋಗುವುದಾ? ಬರಿ ಕೇಳದೆ ನಾವು ಹೆಣ್ಣು ಕೊಡ್ತೇವಾ? ಮೊದಲು ಸಾಹೇಬರ ವಂಶ ತಿಳ್ಕೊ. ಅದನ್ನು ಹೊಗಳು. ಬೆಣ್ಣೆ ಹಾಗೆ ಕರಗ್ತಾರೆ.”

ಬರಿ ಎಂದರೆ ತುಳುವರಲ್ಲಿ ತಾಯಿಯಿಂದ ಬರುವ ವಂಶ. ಇಂಗ್ಲಿಷರಿಗೆ ಅದೆಲ್ಲಿಂದ? ಆದರೂ ಭೋಜರಾಜ ಅವನನ್ನು ಮೇಲಿನ ಮನೆಯ ಏಂಜೆಲಾ ಟೀಚರ ಬಳಿಗೆ ಎಳೆದೊಯ್ದ. ಟೀಚರು ಇಟ್ಟಿಗೆಯಷ್ಟು ದಪ್ಪದ ಪುಸ್ತಕ ತೆರೆದರು.

“ಬ್ಯಾಕ್ಸ್‌ಟರ್ ಅಂದ್ರೆ ಮೊದಲು ರೊಟ್ಟಿ ಸುಡುವ ಹೆಂಗಸು. ಆಮೇಲೆ ಆ ಕೆಲಸದ ಗಂಡಸರಿಗೂ ಅದೇ ಹೆಸರು ಬಂತು. ಕೊನೆಗೆ ಮನೆತನದ ಹೆಸರಾಗಿ ನಿಂತಿತು.”

ಸಂಕಪ್ಪನ ಮುಖ ಬಿಳುಚಿತು. “ಇದನ್ನು ಹೇಳಿದರೆ ರಜೆಯಲ್ಲ, ಕೆಲಸವೇ ಹೋದೀತು.”

“ರೊಟ್ಟಿ ಬಿಡು. ರಾಜನ ಸೇನಾಪತಿ ಅನ್ನು,” ಎಂದ ಭೋಜರಾಜ.

“ಅಮ್ಮನ ಸೂತಕದಲ್ಲಿ ಸುಳ್ಳು ಹೇಳುವುದಾ?”

“ಹಾಗಾದ್ರೆ ಅರಮನೆಯ ರೊಟ್ಟಿ ಅನ್ನು!”

“ಪುಸ್ತಕದಲ್ಲಿ ಅರಮನೆ ಇಲ್ಲ ಭೋಜರಾಜರೇ,” ಎಂದರು ಟೀಚರು.

ನಾಲ್ಕು ಗಂಟೆಗೆ ಸಂಕಪ್ಪ ದೇವರನ್ನು ನೆನೆದು ಸಾಹೇಬರ ಮುಂದೆ ನಿಂತ.

“ಸರ್, ನಮ್ಮಲ್ಲಿ ವಂಶ ತಾಯಿಯಿಂದ. ತಮ್ಮ ಹೆಸರೂ ಹೆಣ್ಣಿನಿಂದಲೇ ಬಂದದ್ದಂತೆ. ರೊಟ್ಟಿ ಸುಡುವವಳಿಂದ.”

ಸಾಹೇಬರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಕೆಲಸ ಹೋಯಿತೆಂದು ಸಂಕಪ್ಪ ಕಣ್ಣು ಮುಚ್ಚಿದ. ತೆರೆದಾಗ ಸಾಹೇಬರ ಕಣ್ಣು ಒದ್ದೆಯಾಗಿತ್ತು.

“ನನ್ನ ತಾಯಿಯೂ ಭಾನುವಾರ ರೊಟ್ಟಿ ಸುಡುತ್ತಿದ್ದಳು. ಮನೆಯೆಲ್ಲ ಅದರ ಪರಿಮಳ. ನೀನು ನನ್ನ ಕಣ್ಣು ತೆರೆಸಿದೆ ಸಂಕಪ್ಪ. ತಾಯಿಯನ್ನು ಕಾಯಿಸಬಾರದು.”

ಅಷ್ಟು ಹೇಳಿ ಅವನ ಕೈ ಕುಲುಕಿ, ಕೋಟು ಎತ್ತಿಕೊಂಡು ಹೊರಟೇಹೋದರು. ರುಜು ಹಾಕಿಸಲು ಮೇಲಿನವರನ್ನು ಕಾಣಲಿಕ್ಕೆ ಹೋದರೆಂದು ಸಂಕಪ್ಪ ತಿಳಿದ. ಮನೆಗೆ ಓಡಿ ಪೆಟ್ಟಿಗೆ ಕಟ್ಟಿದ. ಅಮ್ಮನ ಪಟಕ್ಕೆ ಕೈಮುಗಿದ. ಭೋಜರಾಜ ಎಲ್ಲ ತನ್ನ ಬುದ್ಧಿಯೇ ಎಂದು ಮಹಡಿ ಮಹಡಿಗೆ ಸಾರಿ ಬಂದ.

ದೀಪ ಹಚ್ಚುವ ಹೊತ್ತಿಗೆ ಕಂಪನಿಯ ಡ್ರೈವರ್ ಉಮರಬ್ಬ ಬಾಗಿಲು ತಟ್ಟಿದ.

“ಪಾಸ್‌ಪೋರ್ಟ್ ತಂದೆಯಾ ಉಮರಬ್ಬ?”

“ಇಲ್ಲ ಸಂಕಪ್ಪಣ್ಣ. ಸಾಹೇಬರನ್ನು ಸೀಬ್ ಏರ್‌ಪೋರ್ಟಿಗೆ ಬಿಟ್ಟು ಬಂದೆ. ಲಂಡನ್ನಿಗೆ ಹೋದ್ರು. ಅವರ ಉಮ್ಮನಿಗೆ ಎಂಬತ್ತೆರಡು ವರ್ಷವಂತೆ, ನೋಡದೆ ಆರು ವರ್ಷ ಆಯ್ತಂತೆ. ದಾರಿಯುದ್ದಕ್ಕೂ ಅತ್ತರು. ಬರುವುದು ಇನ್ನು ಒಂದು ತಿಂಗಳಿಗೆ.”

“ಕೀಲಿಕೈ?”

“ಬೆಲ್ಟಿನಲ್ಲೇ ಉಂಟಲ್ಲ.”

ಸಂಕಪ್ಪ ಕಟ್ಟಿದ ಪೆಟ್ಟಿಗೆಯ ಮೇಲೆ ಕುಸಿದು ಕುಳಿತ. ಉಮರಬ್ಬ ಕಿಸೆಯಿಂದ ಒಂದು ಪೊಟ್ಟಣ ತೆಗೆದು ಅವನ ಕೈಗಿಟ್ಟ. ಒಳಗೆ ಬೇಕರಿಯ ಒಂದು ರೊಟ್ಟಿಯಿತ್ತು.

“ಸಾಹೇಬರು ದಾರಿಯಲ್ಲಿ ಕಾರು ನಿಲ್ಲಿಸಿ ಇದನ್ನು ಕೊಂಡ್ರು. ನಿಮ್ಮ ಅಮ್ಮನ ಹೆಸರಿನಲ್ಲಿ ತಿನ್ನಬೇಕಂತೆ.”